ಒಂದೇ ಕ್ಷುದ್ರಗ್ರಹಕ್ಕೆ ಎರಡು ವ್ಯಾಸ: ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ಮಂಗಳ ಮತ್ತು ಗುರುಗಳ ನಡುವಿನ ಮುಖ್ಯ ಪಟ್ಟಿಯಲ್ಲಿರುವ ಒಂದು ಸಾಧಾರಣ ಕ್ಷುದ್ರಗ್ರಹದ ವಿವರ ಹುಡುಕುತ್ತಿದ್ದೆ. ಒಂದು ಕೋಷ್ಟಕದಲ್ಲಿ ಅದರ ವ್ಯಾಸ 12 ಕಿ.ಮೀ. ಎಂದಿದೆ, ಇನ್ನೊಂದರಲ್ಲಿ 22 ಕಿ.ಮೀ. ಎಂದಿದೆ. ತನ್ನ ಸುತ್ತ ತಾನು ತಿರುಗುವ ಅವಧಿ ಒಂದು ಕಡೆ 4.1 ಗಂಟೆ, ಮತ್ತೊಂದು ಕಡೆ 8.2 ಗಂಟೆ. ‘ಎಚ್ = 12.0’ ಎಂಬುದು ಮಾತ್ರ ಎರಡರಲ್ಲೂ ಒಂದೇ. ದೂರದರ್ಶಕದಲ್ಲಿ ಬರೀ ಚುಕ್ಕಿಯಾಗಿ ಕಾಣುವ ವಸ್ತುವಿನ ಗಾತ್ರ, ಆಕಾರ, ತೂಕ ಹೇಗೆ ಗೊತ್ತಾಗುತ್ತವೆ? ಎರಡರಲ್ಲಿ ಯಾವುದು ಸರಿ?

ಉತ್ತರ: ನೀವು ನೋಡಿದ 12 ಮತ್ತು 22 ಎರಡೂ ಒಂದೇ ಅಳತೆಯಿಂದ ಹುಟ್ಟಿದವು. ಅಳೆದದ್ದು ವ್ಯಾಸವನ್ನಲ್ಲ, ಬೆಳಕನ್ನು. ಆ ಬೆಳಕನ್ನು ವ್ಯಾಸಕ್ಕೆ ಪರಿವರ್ತಿಸುವಾಗ ಒಬ್ಬರು ಆ ಕಲ್ಲನ್ನು ತಿಳಿಬಣ್ಣದ್ದೆಂದು ಊಹಿಸಿದ್ದಾರೆ, ಇನ್ನೊಬ್ಬರು ಇದ್ದಿಲಿನಂತೆ ಕಪ್ಪೆಂದು ಊಹಿಸಿದ್ದಾರೆ.

ಲೆಕ್ಕ ಹೀಗಿದೆ. 1329ನ್ನು ಆಲ್ಬಿಡೊದ ವರ್ಗಮೂಲದಿಂದ ಭಾಗಿಸಿ, ಬಂದದ್ದನ್ನು 10ರ ಘಾತ (−ಎಚ್/5) ಇಂದ ಗುಣಿಸಿದರೆ ಕಿಲೋಮೀಟರಿನಲ್ಲಿ ವ್ಯಾಸ ಸಿಗುತ್ತದೆ. ಆಲ್ಬಿಡೊ ಎಂದರೆ ಬಿದ್ದ ಬೆಳಕಿನಲ್ಲಿ ಮೇಲ್ಮೈ ಎಷ್ಟು ಪಾಲನ್ನು ನಮ್ಮ ಕಡೆಗೆ ತಿರುಗಿಸುತ್ತದೆ ಎನ್ನುವುದರ ಅಳತೆ. ಎಚ್ ಎಂದರೆ ನಿರಪೇಕ್ಷ ಕಾಂತಿಮಾನ: ಆ ಕಾಯವನ್ನು ಸೂರ್ಯನಿಂದಲೂ ಭೂಮಿಯಿಂದಲೂ ಒಂದೊಂದು ಖಗೋಳಮಾನ (ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರ) ದೂರದಲ್ಲಿಟ್ಟು, ಸೂರ್ಯನ ಬೆಳಕು ನೇರವಾಗಿ ನಮ್ಮ ಬೆನ್ನ ಹಿಂದಿನಿಂದ ಅದರ ಮೇಲೆ ಬೀಳುವಂತಿದ್ದರೆ ಎಷ್ಟು ಹೊಳೆಯುತ್ತಿತ್ತು ಎನ್ನುವ ಸಂಖ್ಯೆ (ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ಎಚ್ 12.0 ಇದ್ದಾಗ ಸೂತ್ರ 5.29ನ್ನು ಆಲ್ಬಿಡೊದ ವರ್ಗಮೂಲದಿಂದ ಭಾಗಿಸುವುದಕ್ಕೆ ಇಳಿಯುತ್ತದೆ. ಕಲ್ಲಿನ ಜಾತಿಯ ಎಸ್ ವರ್ಗಕ್ಕೆ ರೂಢಿಯಲ್ಲಿರುವ 0.20 ಹಾಕಿದರೆ 11.8 ಕಿ.ಮೀ. ಇಂಗಾಲ ಹೆಚ್ಚಿರುವ ಸಿ ವರ್ಗಕ್ಕೆ ರೂಢಿಯ 0.057 ಹಾಕಿದರೆ 22.2 ಕಿ.ಮೀ. ನಿಮ್ಮ ಎರಡು ಕೋಷ್ಟಕಗಳು ಮಾಡಿರುವುದು ಇಷ್ಟೇ. ವ್ಯಾಸದಲ್ಲಿ ಇದು ಎರಡರಷ್ಟೂ ಇಲ್ಲದ ವ್ಯತ್ಯಾಸ, ಆದರೆ ಘನಗಾತ್ರದಲ್ಲಿ ಆರೂವರೆ ಪಟ್ಟು. ಅದರ ಮೇಲೆ ಯಾರಾದರೂ ತೂಕವನ್ನೂ ಬರೆದಿದ್ದರೆ ಆ ಸಂಖ್ಯೆಯನ್ನು ಓದದೆ ಮುಂದೆ ಹೋಗುವುದೇ ಒಳ್ಳೆಯದು.

ಕ್ಷುದ್ರಗ್ರಹದ ಬಗ್ಗೆ ಕೋಷ್ಟಕದಲ್ಲಿ ಸಿಗುವ ಸಂಖ್ಯೆಗಳು ಒಂದರ ಮೇಲೊಂದು ಪೇರಿಸಿದ ಇಟ್ಟಿಗೆಗಳಂತೆ. ಕೆಳಗಿರುವುದು ಕಕ್ಷೆ, ಅದರ ಮೇಲೆ ಎಚ್, ಅದರ ಮೇಲೆ ವ್ಯಾಸ, ತುದಿಯಲ್ಲಿ ಸಾಂದ್ರತೆ. ಮೇಲೆ ಹೋದಷ್ಟೂ ಅಲುಗಾಟ ಜಾಸ್ತಿ. ಆದ್ದರಿಂದ ಕೆಳಗಿನಿಂದಲೇ ನೋಡೋಣ.

ಪತ್ತೆ ಎಂದರೆ ಚಲನೆಯ ಪತ್ತೆ

ಒಂದೇ ಚಿತ್ರದಲ್ಲಿ ಕ್ಷುದ್ರಗ್ರಹವನ್ನು ನಕ್ಷತ್ರದಿಂದ ಬೇರ್ಪಡಿಸಲು ಆಗುವುದಿಲ್ಲ. ಬೇರ್ಪಡಿಸುವುದು ಚಲನೆ. ಸೂರ್ಯನ ಎದುರು ದಿಕ್ಕಿನಲ್ಲಿರುವಾಗ, ಅಂದರೆ ವಿಯುತಿಯ ಸಮಯದಲ್ಲಿ, ಮುಖ್ಯ ಪಟ್ಟಿಯ ಕಾಯ ನಕ್ಷತ್ರಗಳ ಹಿನ್ನೆಲೆಯಲ್ಲಿ ಗಂಟೆಗೆ ಸುಮಾರು 30ರಿಂದ 40 ಕೋನಸೆಕೆಂಡಿನಷ್ಟು (ಒಂದು ಕೋನಸೆಕೆಂಡು ಎಂದರೆ ಡಿಗ್ರಿಯ 3600ನೇ ಒಂದು ಪಾಲು) ವಕ್ರಗತಿಯಲ್ಲಿ, ಅಂದರೆ ಪಶ್ಚಿಮದ ಕಡೆಗೆ, ಸರಿಯುತ್ತದೆ. ಅದಕ್ಕೇ ಒಂದೇ ಜಾಗದ ಮೂರು ಅಥವಾ ನಾಲ್ಕು ಚಿತ್ರಗಳನ್ನು ಹದಿನೈದು–ಇಪ್ಪತ್ತು ನಿಮಿಷದ ಅಂತರದಲ್ಲಿ ತೆಗೆಯುತ್ತಾರೆ. ಅವನ್ನು ಒಂದರ ಮೇಲೊಂದು ಇಟ್ಟು ಮಿನುಗಿಸಿದರೆ ನಕ್ಷತ್ರಗಳು ನಿಂತಲ್ಲೇ ನಿಲ್ಲುತ್ತವೆ, ಕ್ಷುದ್ರಗ್ರಹ ಹೆಜ್ಜೆ ಹಾಕುತ್ತದೆ. ಹೆಜ್ಜೆಗಳು ಸಮ ಅಂತರದಲ್ಲಿ, ಒಂದೇ ಗೆರೆಯಲ್ಲಿ ಇರಬೇಕು. ಎರಡೇ ಚಿತ್ರ ಸಾಲದು, ಏಕೆಂದರೆ ಯಾವ ಎರಡು ಚುಕ್ಕಿಗಳ ನಡುವೆಯೂ ಗೆರೆ ಎಳೆಯಬಹುದು. ಕ್ಯಾಮೆರಾದ ಕೆಟ್ಟ ಪಿಕ್ಸೆಲ್‌ಗಳು, ಕಾಸ್ಮಿಕ್ ಕಿರಣಗಳ ಪೆಟ್ಟು, ಹತ್ತಿರದ ಪ್ರಖರ ನಕ್ಷತ್ರದ ಒಳಪ್ರತಿಫಲನ ಇವೆಲ್ಲ ಮೂರು ಚಿತ್ರಗಳಲ್ಲೂ ಒಮ್ಮೊಮ್ಮೆ ಸಾಲಾಗಿ ಬಂದು ಮೋಸ ಮಾಡುತ್ತವೆ. ನಾಲ್ಕನೆಯ ಚಿತ್ರ ಇರುವುದೇ ಇದಕ್ಕಾಗಿ.

ಛಾಯಾಚಿತ್ರದ ಫಲಕಗಳ ಕಾಲದಲ್ಲಿ ದಾರಿ ಬೇರೆ ಇತ್ತು. ಮ್ಯಾಕ್ಸ್ ವುಲ್ಫ್ 1891ರಲ್ಲಿ ಫಲಕಕ್ಕೆ ಗಂಟೆಗಟ್ಟಲೆ ಬೆಳಕು ಕೊಟ್ಟು, ಅದರ ಮೇಲೆ ಮೂಡಿದ ಪುಟ್ಟ ಗೀಟಿನಿಂದ 323 ಬ್ರೂಷಿಯಾವನ್ನು ಹಿಡಿದರು. ಛಾಯಾಗ್ರಹಣದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಅದಕ್ಕೂ ಮುಂಚೆ ಕಣ್ಣಿಟ್ಟು ನೋಡಿ, ಕೈಯಲ್ಲಿ ಬರೆದ ನಕ್ಷೆಯ ಜೊತೆ ರಾತ್ರಿಯಿಂದ ರಾತ್ರಿಗೆ ತಾಳೆ ಹಾಕುವುದೇ ಕೆಲಸವಾಗಿತ್ತು. ಈಗ ಬಹುಪಾಲು ಪತ್ತೆಗಳು ಸ್ವಯಂಚಾಲಿತ ಸಮೀಕ್ಷೆಗಳವು. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳ ಜೊತೆಗೇ 2104 ಹೊಸ ಕ್ಷುದ್ರಗ್ರಹಗಳನ್ನು ಪ್ರಕಟಿಸಿತು. ಅವನ್ನು ಕಂಡುಕೊಳ್ಳಲು ಬೇಕಾಗಿದ್ದು ಹತ್ತು ಗಂಟೆಗಳ ಆಸುಪಾಸಿನ ವೀಕ್ಷಣೆ.

ಚಲಿಸುವ ಚುಕ್ಕಿ ಸಿಕ್ಕರೆ ಅದರ ಸ್ಥಾನವನ್ನು ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿ ಅಳೆಯಬೇಕು. ಗಾಯಾ ಉಪಗ್ರಹ ಅಳೆದ ನಕ್ಷತ್ರಪಟ್ಟಿ ಬಂದ ಮೇಲೆ 0.1ರಿಂದ 0.3 ಕೋನಸೆಕೆಂಡಿನ ನಿಖರತೆ ಸಣ್ಣ ಉಪಕರಣಕ್ಕೂ ಎಟಕುತ್ತದೆ. ಇಲ್ಲಿ ಎಡವುವುದು ಹೆಚ್ಚಾಗಿ ಗಡಿಯಾರದಲ್ಲಿ. ಮುಖ್ಯ ಪಟ್ಟಿಯ ಕಾಯ ನಿಮಿಷಕ್ಕೆ ಅರ್ಧ ಕೋನಸೆಕೆಂಡು ಸರಿಯುವುದರಿಂದ ಕಂಪ್ಯೂಟರಿನ ಸಮಯ ಹತ್ತು ಸೆಕೆಂಡು ತಪ್ಪಿದರೂ ಅಷ್ಟಾಗಿ ತಿಳಿಯುವುದಿಲ್ಲ. ಅದೇ ಉಪಕರಣ ಭೂಮಿಯ ಪಕ್ಕ ಹಾದುಹೋಗುವ, ನಿಮಿಷಕ್ಕೆ 30 ಕೋನಸೆಕೆಂಡು ಓಡುವ ಕಾಯವನ್ನು ಅಳೆದರೆ ಒಂದೇ ಸೆಕೆಂಡಿನ ತಪ್ಪು ಅರ್ಧ ಕೋನಸೆಕೆಂಡಾಗುತ್ತದೆ. ಚಿತ್ರಕ್ಕೆ ನಮೂದಾಗುವ ಸಮಯ ಬೆಳಕು ಕೊಡಲು ಶುರುಮಾಡಿದ್ದೋ ನಡುಬಿಂದುವಿನದ್ದೋ ಎಂಬ ಗೊಂದಲವೂ ಇದೇ ಬಗೆಯ ತಪ್ಪನ್ನು ತರುತ್ತದೆ.

ಅಳತೆಗಳು ಕ್ಷುದ್ರಗ್ರಹಗಳ ಜಾಗತಿಕ ದಾಖಲೆ ಇಡುವ ಮೈನರ್ ಪ್ಲಾನೆಟ್ ಸೆಂಟರಿಗೆ ಹೋಗುತ್ತವೆ. ಎರಡು ಬೇರೆ ರಾತ್ರಿಗಳ ಅಳತೆ ಸೇರಿ, ಈಗಾಗಲೇ ಗೊತ್ತಿರುವ ಯಾವುದಕ್ಕೂ ಹೊಂದದಿದ್ದರೆ ತಾತ್ಕಾಲಿಕ ಹೆಸರು ಸಿಗುತ್ತದೆ. ಈ ಹೆಸರನ್ನು ಓದಲು ಕಲಿತರೆ ಪತ್ತೆಯ ಕಾಲ ತಾನೇ ಗೊತ್ತಾಗುತ್ತದೆ. 1999 ಆರ್‌ಕ್ಯೂ36 ಎನ್ನುವುದನ್ನೇ ತೆಗೆದುಕೊಳ್ಳಿ. ತಿಂಗಳನ್ನು ಎರಡು ಭಾಗ ಮಾಡಿ ಅಕ್ಷರ ಕೊಡುತ್ತಾ ಹೋದರೆ, ‘ಐ’ ಬಿಟ್ಟು, ಸೆಪ್ಟೆಂಬರ್‌ನ ಮೊದಲ ಭಾಗಕ್ಕೆ ‘ಆರ್’ ಬರುತ್ತದೆ. ಎರಡನೆಯ ಅಕ್ಷರ ಆ ಹದಿನೈದು ದಿನಗಳಲ್ಲಿನ ಸರದಿ: ಇಲ್ಲೂ ‘ಐ’ ಇಲ್ಲ, ಹಾಗಾಗಿ ‘ಕ್ಯೂ’ ಹದಿನಾರನೆಯದು. ಇಪ್ಪತ್ತೈದು ಅಕ್ಷರಗಳ ಸುತ್ತು 36 ಬಾರಿ ಮುಗಿದಿದೆ ಎಂದು ಕೊನೆಯ ಸಂಖ್ಯೆ ಹೇಳುತ್ತದೆ. 36 × 25 + 16, ಅಂದರೆ ಆ ಅರ್ಧ ತಿಂಗಳ 916ನೆಯ ದಾಖಲೆ. ಇದೇ ಮುಂದೆ ‘101955 ಬೆನ್ನು’ ಎಂಬ ಹೆಸರಿನ ಕ್ಷುದ್ರಗ್ರಹವಾಯಿತು.

ಖಾಯಂ ಸಂಖ್ಯೆಗೆ ಕಾಯಬೇಕು. ಮುಖ್ಯ ಪಟ್ಟಿಯ ಕಾಯವನ್ನು ಸಾಮಾನ್ಯವಾಗಿ ನಾಲ್ಕು ವಿಯುತಿಗಳಲ್ಲಾದರೂ ನೋಡಿದ ಮೇಲೆ, ಅಂದರೆ ಐದಾರು ವರ್ಷಗಳ ನಂತರ, ಕಕ್ಷೆ ಇನ್ನು ಕೈತಪ್ಪುವುದಿಲ್ಲ ಎಂದಾದಾಗ ಸಂಖ್ಯೆ ಸಿಗುತ್ತದೆ. ಹಳೆಯ ಸಂಗ್ರಹದ ಚಿತ್ರಗಳಲ್ಲಿ ಅದು ಆಗಲೇ ಬಿದ್ದಿತ್ತೆಂದು ಗೊತ್ತಾದರೆ ಕಾಯುವ ಕಾಲ ಕಡಿಮೆಯಾಗುತ್ತದೆ. 1898ರ ಆಗಸ್ಟ್ 13ರಂದು ಬರ್ಲಿನ್‌ನಲ್ಲಿ ಗುಸ್ತಾವ್ ವಿಟ್ ಪತ್ತೆಮಾಡಿದ 433 ಏರೋಸ್ ಹೀಗೇ ಹಾರ್ವರ್ಡ್‌ನ 1893ರ ಮತ್ತು ನಂತರದ ಫಲಕಗಳಲ್ಲಿ ಸಿಕ್ಕಿತು. ಸಂಖ್ಯೆ ಬಂದ ಮೇಲೆಯೇ ಹೆಸರು. ಸೂಚಿಸುವ ಹಕ್ಕು ಪತ್ತೆಮಾಡಿದವರಿಗೆ ಹತ್ತು ವರ್ಷ ಇರುತ್ತದೆ, ಹೆಸರು ಹದಿನಾರು ಅಕ್ಷರ ಮೀರುವಂತಿಲ್ಲ.

ಕಕ್ಷೆ ಗಟ್ಟಿಯಾಗುವ ಮುಂಚೆಯೇ ಕಾಯ ಸೂರ್ಯನ ಪ್ರಭೆಯ ಹಿಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮೊಟ್ಟಮೊದಲ ಕ್ಷುದ್ರಗ್ರಹವೇ ಉದಾಹರಣೆ. ಜುಸೆಪ್ಪೆ ಪಿಯಾಜಿ ಪಲೆರ್ಮೊದಿಂದ 1801ರ ಜನವರಿ 1ರಂದು ಸಿರೀಸನ್ನು ಕಂಡರು, ಫೆಬ್ರವರಿ 11ರವರೆಗೆ ಹಿಂಬಾಲಿಸಿದರು. ಅಷ್ಟರಲ್ಲಿ ಅದು ಆಕಾಶದಲ್ಲಿ ಸರಿದಿದ್ದು ಕೆಲವೇ ಡಿಗ್ರಿ. ಆಮೇಲೆ ಕಾಣೆಯಾಯಿತು. ಇಪ್ಪತ್ತನಾಲ್ಕು ವರ್ಷದ ಗಣಿತಜ್ಞ ಗೌಸ್ ಹೊಸ ವಿಧಾನದಿಂದ ಕಕ್ಷೆ ಲೆಕ್ಕ ಹಾಕಿಕೊಟ್ಟ ಮೇಲೆ ಅದೇ ವರ್ಷದ ಡಿಸೆಂಬರ್ 31ರಂದು ಫ್ರಾನ್ಸ್ ಫಾನ್ ಜಾಕ್ ಅದನ್ನು ಮತ್ತೆ ಹಿಡಿದರು. ಎಲ್ಲವೂ ಇಷ್ಟು ಅದೃಷ್ಟ ಪಡೆದಿರಲಿಲ್ಲ. 1911ರಲ್ಲಿ ಸಿಕ್ಕಿ ಕಳೆದುಹೋದ 719 ಆಲ್ಬರ್ಟ್ ಮತ್ತೆ ಸಿಕ್ಕಿದ್ದು 2000ದಲ್ಲಿ.

ಎಚ್ ಕೂಡ ಪೂರ್ತಿ ನಂಬಿಗಸ್ತನಲ್ಲ

ಕಕ್ಷೆ ಗೊತ್ತಾದರೆ ದೂರ ಗೊತ್ತಾಗುತ್ತದೆ. ದೂರ ಗೊತ್ತಾದರೆ ಕಂಡ ಹೊಳಪನ್ನು ಎಚ್‌ಗೆ ತಿರುಗಿಸಬಹುದು. ನಿಮ್ಮ ಕಾಯ ಸೂರ್ಯನಿಂದ 2.7 ಖಗೋಳಮಾನ ದೂರದಲ್ಲಿ ವಿಯುತಿಗೆ ಬಂದರೆ 15.3 ಕಾಂತಿಮಾನದ ಆಸುಪಾಸಿನಲ್ಲಿ ಕಾಣುತ್ತದೆ. ಅದೇ ಹೊಳಪಿನ ಚುಕ್ಕಿ 3.2 ದೂರದಲ್ಲಿದ್ದಿದ್ದರೆ ಎಚ್ 11.1 ಆಗುತ್ತಿತ್ತು, 2.2ರಲ್ಲಿದ್ದಿದ್ದರೆ 13.2. ಹೊಸದಾಗಿ ಪತ್ತೆಯಾದ, ಒಂದೆರಡು ರಾತ್ರಿಯ ಅಳತೆಯಷ್ಟೇ ಇರುವ ಕಾಯದ ಗಾತ್ರ ವಾರದೊಳಗೆ ಅರ್ಧವೋ ದುಪ್ಪಟ್ಟೋ ಆಗಿ ಸುದ್ದಿಯಲ್ಲಿ ಬರುವುದು ಇದಕ್ಕೇ. ಬದಲಾದದ್ದು ಕಲ್ಲಲ್ಲ, ದೂರ.

ಹಳೆಯ, ಸಂಖ್ಯೆ ಪಡೆದ ಕಾಯದಲ್ಲಿ ದೂರದ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ತಪ್ಪು ಬೇರೆ ಕಡೆಯಿಂದ ನುಸುಳುತ್ತದೆ. ಸ್ಥಾನ ಅಳೆಯಲು ತೆಗೆದ ಚಿತ್ರಗಳಲ್ಲಿ ಹೊಳಪಿನ ಅಳತೆ ಒರಟಾಗಿರುತ್ತದೆ. ಒಬ್ಬರು ಶೋಧಕವಿಲ್ಲದೆ, ಇನ್ನೊಬ್ಬರು ಕೆಂಪು ಶೋಧಕದಲ್ಲಿ ಅಳೆದಿರುತ್ತಾರೆ. ಕಾಯ ತಿರುಗುವಾಗ ಹೊಳಪು ಏರಿಳಿಯುವುದನ್ನು ಗಮನಿಸಿರುವುದಿಲ್ಲ. ಎಲ್ಲಕ್ಕಿಂತ ತೊಡಕಿನದು ಕಲಾಕೋನ, ಅಂದರೆ ಕ್ಷುದ್ರಗ್ರಹದಿಂದ ನೋಡಿದಾಗ ಸೂರ್ಯನಿಗೂ ಭೂಮಿಗೂ ನಡುವಿನ ಕೋನ. ಈ ಕೋನ ಸೊನ್ನೆಯ ಹತ್ತಿರ ಬಂದಂತೆ ಮೇಲ್ಮೈಯ ದೂಳಿನ ನೆರಳುಗಳು ಮರೆಯಾಗಿ ಹೊಳಪು ದಿಢೀರನೆ ಏರುತ್ತದೆ. ಎಷ್ಟು ಏರುತ್ತದೆ ಎನ್ನುವುದು ಮೇಲ್ಮೈಯನ್ನು ಅವಲಂಬಿಸಿದೆ. ಅದನ್ನು ಹೇಳುವ ‘ಜಿ’ ಎಂಬ ಸಂಖ್ಯೆಯನ್ನು ಬಹುತೇಕ ಕಾಯಗಳಿಗೆ ಅಳೆದೇ ಇಲ್ಲ, 0.15 ಎಂದು ಹಿಡಿದುಬಿಡುತ್ತಾರೆ. ಹೀಗಾಗಿ ಪಟ್ಟಿಗಳಲ್ಲಿನ ಎಚ್‌ನಲ್ಲಿ 0.3ರಷ್ಟು ತಪ್ಪು ಸಾಮಾನ್ಯ. ಅಷ್ಟು ತಪ್ಪು ವ್ಯಾಸವನ್ನು ಶೇ. 15ರಷ್ಟು ಆಚೀಚೆ ಮಾಡುತ್ತದೆ. ‘11.83 ಕಿ.ಮೀ.’ ಎಂದು ದಶಮಾಂಶದ ಎರಡನೆಯ ಸ್ಥಾನದವರೆಗೆ ಬರೆದದ್ದು ಕಂಡರೆ ಅದು ಕ್ಯಾಲ್ಕ್ಯುಲೇಟರಿನ ನಿಖರತೆ ಎಂದು ತಿಳಿಯಿರಿ.

ನಿಜಕ್ಕೂ ಅಳೆಯುವ ದಾರಿಗಳು

ನೇರವಾಗಿ ನೋಡಿ ಅಳೆಯಬಾರದೇ? 22 ಕಿ.ಮೀ. ಕಾಯ ಭೂಮಿಯಿಂದ 1.7 ಖಗೋಳಮಾನ ದೂರದಲ್ಲಿ 0.018 ಕೋನಸೆಕೆಂಡು ಅಗಲ ಕಾಣುತ್ತದೆ. ನಮ್ಮ ವಾತಾವರಣ ನಕ್ಷತ್ರದ ಬಿಂಬವನ್ನು ಒಂದು ಕೋನಸೆಕೆಂಡಿನಷ್ಟು ಕದಡುತ್ತದೆ. ವಾತಾವರಣವೇ ಇಲ್ಲದಿದ್ದರೂ ಹತ್ತು ಮೀಟರ್ ದರ್ಪಣದ ಮಿತಿ 0.014. ಹಾಗಾಗಿ ಕದಡನ್ನು ಸರಿಪಡಿಸುವ ಅನುಕೂಲಿ ದರ್ಪಣಗಳಿರುವ ದೊಡ್ಡ ದೂರದರ್ಶಕಗಳು ನೂರು ಕಿ.ಮೀ. ಮೀರಿದ ದೈತ್ಯರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ, ನಿಮ್ಮದರ ಮೇಲೆ ಮಾಡುವುದಿಲ್ಲ.

ನಿಮ್ಮದಕ್ಕೆ ಒದಗುವ ಮೊದಲ ದಾರಿ ಶಾಖ. ಕಪ್ಪು ಕಲ್ಲು ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆ, ಉಳಿದದ್ದನ್ನು ನುಂಗಿ ಬಿಸಿಯಾಗಿ ಅವಕೆಂಪು ಕಿರಣವಾಗಿ ಬಿಡುತ್ತದೆ. ಬಿಳಿಚು ಕಲ್ಲೂ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ನುಂಗುತ್ತದೆ. ಆದ್ದರಿಂದ ಹೊರಸೂಸುವ ಶಾಖ ಆಲ್ಬಿಡೊವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಬಹುಮಟ್ಟಿಗೆ ವ್ಯಾಸದ ವರ್ಗವನ್ನು ಹಿಂಬಾಲಿಸುತ್ತದೆ. ಶಾಖದಿಂದ ವ್ಯಾಸ, ವ್ಯಾಸ ಮತ್ತು ಎಚ್ ಸೇರಿ ಆಲ್ಬಿಡೊ: ಊಹೆಯ ಜಾಗದಲ್ಲಿ ಅಳತೆ ಬರುವುದು ಹೀಗೆ. 2.7 ಖಗೋಳಮಾನದಲ್ಲಿ ಸೂರ್ಯ ನೆತ್ತಿಯ ಮೇಲಿರುವ ಜಾಗದ ಉಷ್ಣತೆ ಸುಮಾರು 240 ಕೆಲ್ವಿನ್, ಅದರ ಕಿರಣ ಅತಿ ಪ್ರಬಲವಾಗಿರುವುದು 12 ಮೈಕ್ರಾನಿನ ಸುತ್ತ. ಭೂಮಿಯ ವಾತಾವರಣ ಈ ಭಾಗದಲ್ಲಿ ತಾನೇ ಧಗಧಗಿಸುವುದರಿಂದ ಕೆಲಸ ಮಾಡಿದ್ದು ಉಪಗ್ರಹಗಳು: 1983ರಲ್ಲಿ ಐರಾಸ್, 2006ರಿಂದ ಅಕಾರಿ, 2009ರ ಡಿಸೆಂಬರ್‌ನಲ್ಲಿ ಹಾರಿದ ವೈಸ್. ವೈಸ್‌ನ ಅಂಕಿಗಳಲ್ಲಿ ಒಂದು ಎಚ್ಚರ ಬೇಕು. 2010ರಲ್ಲಿ ಅದರ ಶೀತಕ ಮುಗಿದ ಮೇಲೆ 12 ಮತ್ತು 22 ಮೈಕ್ರಾನಿನ ಪಟ್ಟಿಗಳು ನಿಂತುಹೋದವು, 3.4 ಮತ್ತು 4.6 ಮಾತ್ರ ಉಳಿದವು. ಮುಖ್ಯ ಪಟ್ಟಿಯ ತಣ್ಣನೆಯ ಕಾಯ ಈ ಚಿಕ್ಕ ಅಲೆಯುದ್ದದಲ್ಲಿ ಕೊಡುವುದರಲ್ಲಿ ಸೂರ್ಯನ ಪ್ರತಿಫಲಿತ ಬೆಳಕೂ ಬೆರೆತಿರುತ್ತದೆ. ಆ ಉಪಗ್ರಹದಿಂದಲೇ ಒಂದು ಕಾಯಕ್ಕೆ ಎರಡು ವ್ಯಾಸ ಸಿಕ್ಕರೆ ಶೀತಕ ಇದ್ದಾಗಿನದ್ದನ್ನು ಆರಿಸಿ. ಚೆನ್ನಾಗಿ ಬಂದ ಅಳತೆಯಲ್ಲಿ ವ್ಯಾಸದ ತಪ್ಪು ಶೇ. 10ರ ಆಸುಪಾಸು ಇರುತ್ತದೆ.

ಎರಡನೆಯದು ಆಚ್ಛಾದನೆ. ಸಣ್ಣ ಉಪಕರಣ ಇರುವವರು ದೊಡ್ಡ ವೀಕ್ಷಣಾಲಯಕ್ಕೆ ಸಾಟಿಯಾಗುವ ಕೆಲಸ ಇದೊಂದೇ ಎಂದರೂ ನಡೆದೀತು. ಕ್ಷುದ್ರಗ್ರಹ ಒಂದು ನಕ್ಷತ್ರದ ಮುಂದೆ ಹಾದಾಗ ಅದರ ನೆರಳು ಭೂಮಿಯ ಮೇಲೆ ಓಡುತ್ತದೆ. ನಕ್ಷತ್ರ ಬಹುದೂರ ಇರುವುದರಿಂದ ನೆರಳಿನ ಅಗಲ ಕ್ಷುದ್ರಗ್ರಹದ ಅಗಲವೇ. ನೆರಳು ಸೆಕೆಂಡಿಗೆ 15 ಕಿ.ಮೀ. ಓಡುತ್ತಿದ್ದರೆ, ನಡುಗೆರೆಯ ಮೇಲೆ ನಿಂತವರಿಗೆ 12 ಕಿ.ಮೀ. ಕಾಯ ನಕ್ಷತ್ರವನ್ನು 0.8 ಸೆಕೆಂಡು ಮರೆಮಾಡುತ್ತದೆ, 22 ಕಿ.ಮೀ. ಕಾಯ ಸುಮಾರು 1.5 ಸೆಕೆಂಡು. ಸೆಕೆಂಡಿಗೆ 25 ಚಿತ್ರ ತೆಗೆಯುವ ವಿಡಿಯೊ ಕ್ಯಾಮೆರಾದಲ್ಲಿ ಒಂದು ಚಿತ್ರ ಎಂದರೆ 0.6 ಕಿ.ಮೀ. ನಿಮ್ಮ ಪ್ರಶ್ನೆಗೆ ಒಂದೇ ರಾತ್ರಿಯಲ್ಲಿ ಉತ್ತರ ಸಿಗಲು ಇಷ್ಟು ಸಾಕು.

ಆದರೆ ಒಬ್ಬರೇ ನೋಡಿದರೆ ಸಿಗುವುದು ಒಂದು ಜ್ಯಾ ಮಾತ್ರ, ಅಂದರೆ ಬಿಂಬವನ್ನು ಒಂದೇ ಕಡೆ ಅಡ್ಡಹಾಯುವ ಗೆರೆಯ ಉದ್ದ. ನೆರಳಿನ ಅಂಚಿನಲ್ಲಿದ್ದವರು 0.5 ಸೆಕೆಂಡು ಕಂಡು ‘ಏಳೂವರೆ ಕಿ.ಮೀ.’ ಎಂದರೆ ಅದು ಕನಿಷ್ಠ ಮಿತಿಯೇ ಹೊರತು ವ್ಯಾಸವಲ್ಲ. ಆದ್ದರಿಂದ ನೆರಳಿನ ದಾರಿಗೆ ಅಡ್ಡಲಾಗಿ ಮೂರು–ನಾಲ್ಕು ಕಿ.ಮೀ.ಗೆ ಒಬ್ಬರಂತೆ ಹರಡಿಕೊಳ್ಳಬೇಕು. ಮುನ್ಸೂಚಿತ ದಾರಿಯ ಹೊರಗೂ ಎರಡು ಕಡೆ ಒಬ್ಬೊಬ್ಬರು ನಿಲ್ಲಬೇಕು. ಏನೂ ಆಗಲಿಲ್ಲ ಎನ್ನುವ ಅವರ ವರದಿಯೇ ಅಂಚನ್ನು ಕಟ್ಟಿಹಾಕುವುದು. ಸಮಯವನ್ನು ಜಿಪಿಎಸ್‌ನಿಂದ ಪ್ರತಿ ಚಿತ್ರದ ಮೇಲೂ ಅಚ್ಚೊತ್ತಬೇಕು. ಕಂಪ್ಯೂಟರಿನ ಗಡಿಯಾರವನ್ನು ನಂಬಿದರೆ ಜ್ಯಾಗಳ ಉದ್ದ ಸರಿಯಿದ್ದರೂ ಒಂದಕ್ಕೊಂದು ಜಾರಿ ಕೂತು, ದುಂಡನೆಯ ಕಲ್ಲು ಬಾಗಿದ ಬಾಳೆಕಾಯಿಯಂತೆ ಮೂಡುತ್ತದೆ. ನಕ್ಷತ್ರ ಒಮ್ಮೆಲೇ ಆರದೆ ಎರಡು ಮೆಟ್ಟಿಲಲ್ಲಿ ಮಂಕಾದರೆ ಅದು ಜೋಡಿ ನಕ್ಷತ್ರವಾಗಿರುವ ಸಾಧ್ಯತೆಯೇ ಹೆಚ್ಚು. ಇನ್ನು, ಸಿಕ್ಕ ಆಕಾರ ಆ ಗಳಿಗೆಯ ಪಾರ್ಶ್ವಚಿತ್ರ ಮಾತ್ರ. ಉದ್ದನೆಯ ಕಾಯ ತುದಿಯನ್ನು ನಮಗೆ ತೋರಿಸುತ್ತಿದ್ದರೆ ವ್ಯಾಸ ಚಿಕ್ಕದಾಗಿಯೇ ಬರುತ್ತದೆ.

ರೇಡಾರ್ ಇನ್ನೂ ಬೆರಗಿನದು, ಕೆಲವು ಮೀಟರ್‌ವರೆಗಿನ ವಿವರ ಕೊಡುತ್ತದೆ. ಆದರೆ ಪ್ರತಿಧ್ವನಿಯ ಬಲ ದೂರದ ನಾಲ್ಕನೆಯ ಘಾತದಲ್ಲಿ ಕುಗ್ಗುವುದರಿಂದ ಅದು ಭೂಮಿಯ ಹತ್ತಿರ ಬರುವವಕ್ಕೆ ಮತ್ತು ಪಟ್ಟಿಯ ದೊಡ್ಡವಕ್ಕೆ ಸೀಮಿತ. ಪೋರ್ಟೊ ರಿಕೊದ ಅರೆಸಿಬೊದ ದೈತ್ಯ ಬಟ್ಟಲು 2020ರ ಡಿಸೆಂಬರ್ 1ರಂದು ಕುಸಿದ ಮೇಲೆ ಮುಖ್ಯ ಹೊಣೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಮೇಲೆ ಬಿತ್ತು.

4.1 ಗಂಟೆಯೋ 8.2 ಗಂಟೆಯೋ?

ಇದರಲ್ಲಿ 8.2ರ ಕಡೆಗೇ ಹೆಚ್ಚು ವಾಲಬಹುದು. ಕಾರಣ ಆಕಾರದಲ್ಲಿದೆ. ಉದ್ದನೆಯ ಆಲೂಗಡ್ಡೆಯನ್ನು ಅಡ್ಡಹಿಡಿದು ಬುಗುರಿಯಂತೆ ತಿರುಗಿಸಿ ನೋಡಿ: ಒಂದು ಸುತ್ತಿನಲ್ಲಿ ಅಗಲದ ಮುಖ ಎರಡು ಸಲ, ತುದಿ ಎರಡು ಸಲ ನಿಮ್ಮ ಕಡೆ ಬರುತ್ತದೆ. ಹೊಳಪಿನ ರೇಖೆಯಲ್ಲಿ, ಅಂದರೆ ಸಮಯಕ್ಕೆ ತಕ್ಕಂತೆ ಹೊಳಪಿನ ಏರಿಳಿತ ತೋರಿಸುವ ನಕ್ಷೆಯಲ್ಲಿ, ಎರಡು ಶಿಖರ, ಎರಡು ಕಣಿವೆ. ತಂತ್ರಾಂಶಕ್ಕೆ ಇದು ಗೊತ್ತಿಲ್ಲ, ಒಂದೇ ಶಿಖರ ಸಾಕೆಂದು ಅರ್ಧ ಅವಧಿಯನ್ನು ಕೊಡುತ್ತದೆ. ಕಲಾಕೋನ ಚಿಕ್ಕದಿದ್ದು ಏರಿಳಿತ 0.4 ಕಾಂತಿಮಾನ ಮೀರಿದ್ದರೆ ಎರಡು ಶಿಖರ ಎನ್ನುವುದರಲ್ಲಿ ಅನುಮಾನ ಬೇಡ. ಏರಿಳಿತ 0.1ರಷ್ಟೇ ಇದ್ದರೆ ಮಾತ್ರ ಕಷ್ಟ. ದುಂಡಗಿನ ಕಾಯದಲ್ಲಿ ಉಬ್ಬುತಗ್ಗುಗಳಿಂದ ಒಂದು ಶಿಖರವೂ ಬರಬಹುದು, ಮೂರೂ ಬರಬಹುದು. ಆಗ ಎರಡೂ ಶಿಖರಗಳ ಎತ್ತರದಲ್ಲಿ 0.02ರಷ್ಟಾದರೂ ಸ್ಥಿರವಾದ ವ್ಯತ್ಯಾಸ ಇದೆಯೇ ಎಂದು ಹುಡುಕಬೇಕು.

ಇಂಥ ಅಳತೆ ಮಾಡುವಾಗ ಚಿತ್ರವೊಂದಕ್ಕೆ ಎರಡು–ಮೂರು ನಿಮಿಷ ಮೀರಿ ಬೆಳಕು ಕೊಡಬೇಡಿ. ಅಷ್ಟರಲ್ಲಿ ಕಾಯ ಒಂದೂವರೆ ಕೋನಸೆಕೆಂಡು ಸರಿದು ಬಿಂಬ ಉದ್ದವಾಗುತ್ತದೆ. ನೂರನೇ ಒಂದು ಕಾಂತಿಮಾನದ ನಿಖರತೆಗೆ ಸಂಕೇತ ಗದ್ದಲಕ್ಕಿಂತ ನೂರು ಪಟ್ಟು ಇರಬೇಕು. ಹೋಲಿಕೆಯ ನಕ್ಷತ್ರಗಳು ಸೂರ್ಯನ ಬಣ್ಣದವೇ ಆಗಿರಲಿ. ಕೆಂಪು ನಕ್ಷತ್ರವನ್ನು ಆರಿಸಿದರೆ ಅದು ದಿಗಂತಕ್ಕೆ ಇಳಿದಂತೆ ವಾತಾವರಣ ಎರಡರ ಬೆಳಕನ್ನೂ ಬೇರೆಬೇರೆಯಾಗಿ ತಿಂದು, ಇಲ್ಲದ ಇಳಿಜಾರನ್ನು ಹುಟ್ಟಿಸುತ್ತದೆ. ದಾರಿಯಲ್ಲಿ ಕ್ಷುದ್ರಗ್ರಹ ಮಸುಕು ನಕ್ಷತ್ರದ ಮೇಲೆ ಹಾದರೆ ರೇಖೆಯಲ್ಲಿ ಗೂನು ಬರುತ್ತದೆ, ಆ ಬಿಂದುಗಳನ್ನು ಎಸೆಯುವುದೇ ಸರಿ.

8.2 ಗಂಟೆಗೆ ತನ್ನದೇ ಒಂದು ಪೀಡೆ ಇದೆ. ಮೂರು ಸುತ್ತಿಗೆ 24.6 ಗಂಟೆ. ಒಂದೇ ಊರಿನಿಂದ ದಿನವೂ ಅದೇ ಹೊತ್ತಿಗೆ ನೋಡಿದರೆ ಹೆಚ್ಚುಕಡಿಮೆ ಅದೇ ಮುಖ ಕಾಣುತ್ತದೆ, ದಿನಕ್ಕೆ 36 ನಿಮಿಷದಷ್ಟು ಮಾತ್ರ ಜಾರುತ್ತದೆ. ಜೊತೆಗೆ, ಹಗಲಿನಲ್ಲಿ ಎಷ್ಟು ಸುತ್ತು ಮುಗಿಯಿತೆಂದು ಯಾರೂ ನೋಡಿಲ್ಲ. ರೇಖೆಯ ಎರಡು ಅರ್ಧಗಳು ಒಂದೇ ತೆರನಿದ್ದು, ದಿನಕ್ಕೆ ಅರ್ಧ ಸುತ್ತು ಹೆಚ್ಚು ಎಣಿಸಿದರೆ 7.0 ಗಂಟೆ ಬರುತ್ತದೆ, ಅರ್ಧ ಕಡಿಮೆ ಎಣಿಸಿದರೆ 9.9. ಇದನ್ನು ಬಿಡಿಸುವುದು ಒಂದೇ ರಾತ್ರಿ ಏಳೆಂಟು ಗಂಟೆ ಬಿಡದೆ ನೋಡುವುದರಿಂದ, ಇಲ್ಲವೇ ರೇಖಾಂಶದಲ್ಲಿ ದೂರವಿರುವ ಇನ್ನೊಬ್ಬರ ಜೊತೆ ಸೇರುವುದರಿಂದ. ಕೋಷ್ಟಕದಲ್ಲಿ ಅವಧಿಯ ಪಕ್ಕ 1, 2, 3 ಎಂಬ ಗುಣಮಟ್ಟದ ಅಂಕಿ ಇದ್ದರೆ 3 ಎಂದರೆ ಖಚಿತ, 2 ಎಂದರೆ ಅರ್ಧ ಅಥವಾ ದುಪ್ಪಟ್ಟಿನ ಗೊಂದಲ ಇರಬಹುದು, 1 ಎಂದರೆ ತಪ್ಪಾಗಿರಲೂಬಹುದು.

ಏರಿಳಿತದಿಂದ ಆಕಾರದ ಅಂದಾಜೂ ಸಿಗುತ್ತದೆ. 0.3 ಕಾಂತಿಮಾನ ಎಂದರೆ ಉದ್ದ ಅಗಲದ 1.3 ಪಟ್ಟಾದರೂ ಇರಬೇಕು. ‘ಆದರೂ’ ಎಂದದ್ದು ಯಾಕೆಂದರೆ ಧ್ರುವ ನಮ್ಮ ಕಡೆ ವಾಲಿದ್ದರೆ ಎಷ್ಟೇ ಉದ್ದನೆಯ ಕಾಯವೂ ಸಪ್ಪೆ ರೇಖೆ ಕೊಡುತ್ತದೆ. ಮೂರ್ನಾಲ್ಕು ವಿಯುತಿಗಳಲ್ಲಿ ಬೇರೆಬೇರೆ ಕೋನದಿಂದ ರೇಖೆ ಸಿಕ್ಕರೆ ಮೂರು ಆಯಾಮದ ಆಕಾರ, ಧ್ರುವದ ದಿಕ್ಕು ಎರಡನ್ನೂ ಗಣಿತದಿಂದ ಬಿಡಿಸಬಹುದು. ಆದರೂ ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ವಾರ್ಷಿಕ ದಾರಿಯ) ಹತ್ತಿರವೇ ಚಲಿಸುವ ಕಾಯಕ್ಕೆ ರೇಖಾಂಶದಲ್ಲಿ ಸುಮಾರು 180 ಡಿಗ್ರಿ ಅಂತರದ ಎರಡು ಧ್ರುವಗಳು ಸಮನಾಗಿ ಹೊಂದುತ್ತವೆ. ಕೋಷ್ಟಕದಲ್ಲಿ ಎರಡು ಧ್ರುವ ಕೊಟ್ಟಿದ್ದರೆ ಅದು ಅಚ್ಚಿನ ತಪ್ಪಲ್ಲ. ಆಚ್ಛಾದನೆಯ ಒಂದು ಒಳ್ಳೆಯ ಪಾರ್ಶ್ವಚಿತ್ರ ಸಿಕ್ಕರೆ ಯಾವುದು ಸರಿ ಎಂದು ತೀರ್ಮಾನವಾಗುತ್ತದೆ.

ಅವಧಿಯಲ್ಲೇ ಒಳರಚನೆಯ ಸುಳಿವೂ ಇದೆ. ಕೆಲವು ನೂರು ಮೀಟರ್‌ಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ 2.2 ಗಂಟೆಗಿಂತ ಬೇಗ ತಿರುಗುವವು ತೀರಾ ಅಪರೂಪ. ಗುರುತ್ವ ಮಾತ್ರ ಹಿಡಿದಿಟ್ಟ ಸಡಿಲ ಕಲ್ಲುರಾಶಿಗೆ ಸಹಿಸಬಹುದಾದ ವೇಗ ಅಷ್ಟೇ. 3.3 ಗಂಟೆಯನ್ನು ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿದರೆ ಈ ಮಿತಿ ಬರುತ್ತದೆ, ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ ಗ್ರಾಂನಲ್ಲಿ ಹಾಕಬೇಕು. ಮಿತಿ ಇಷ್ಟು ಚೊಕ್ಕವಾಗಿ ಎದ್ದುಕಾಣುವುದೇ ಈ ಕಾಯಗಳಲ್ಲಿ ಬಹುಪಾಲು ಒಂದೇ ಬಂಡೆಯಲ್ಲ ಎನ್ನುವುದಕ್ಕೆ ಸಾಕ್ಷಿ. ಎದುರು ತುದಿಯಲ್ಲಿ 253 ಮಟಿಲ್ಡೆಯಂಥವು ಒಂದು ಸುತ್ತಿಗೆ 418 ಗಂಟೆ, ಅಂದರೆ ಹದಿನೇಳು ದಿನಕ್ಕೂ ಹೆಚ್ಚು ತೆಗೆದುಕೊಳ್ಳುತ್ತವೆ.

ಬಣ್ಣ, ಆಮೇಲೆ ತೂಕ

ರೋಹಿತದಲ್ಲಿ (ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿದ ಚಿತ್ರದಲ್ಲಿ) 1 ಮತ್ತು 2 ಮೈಕ್ರಾನಿನ ಹತ್ತಿರ ಗುಂಡಿ ಬಿದ್ದಿದ್ದರೆ ಆಲಿವೀನ್, ಪೈರಾಕ್ಸೀನ್ ಖನಿಜಗಳಿರುವ ಎಸ್ ವರ್ಗ. ಹೆಚ್ಚುಕಡಿಮೆ ಸಪಾಟಾಗಿ, 0.7 ಮೈಕ್ರಾನಿನಲ್ಲಿ ಸಣ್ಣ ತಗ್ಗಿದ್ದರೆ ನೀರಿನ ಸಂಪರ್ಕದಿಂದ ಬದಲಾದ ಖನಿಜಗಳಿರುವ ಸಿ ವರ್ಗ. ಗುರುತೇ ಇಲ್ಲದ ಸೌಮ್ಯ ಇಳಿಜಾರಿದ್ದರೆ ಅದು ಎಕ್ಸ್ ಗುಂಪು, ಇಲ್ಲಿ ಮಜಾ ಇದೆ. ಎಕ್ಸ್‌ನೊಳಗಿನ ಇ, ಎಂ, ಪಿ ವರ್ಗಗಳನ್ನು ರೋಹಿತ ಬೇರ್ಪಡಿಸಲಾರದು, ಆಲ್ಬಿಡೊ ಮಾತ್ರ ಬೇರ್ಪಡಿಸುತ್ತದೆ. ಅಂದರೆ ವರ್ಗದಿಂದ ಆಲ್ಬಿಡೊ ಊಹಿಸುವ ಉಪಾಯ ಅಲ್ಲಿ ತನ್ನ ಬಾಲವನ್ನೇ ಕಚ್ಚಿಕೊಳ್ಳುತ್ತದೆ.

ವರ್ಗದಿಂದ ನಿಜವಾದ ಕಲ್ಲಿಗೆ ಹೋಗುವ ಸೇತುವೆ ಉಲ್ಕಾಶಿಲೆಗಳು. ಎಸ್ ವರ್ಗವೇ ಸಾಮಾನ್ಯ ಕಾಂಡ್ರೈಟ್ ಉಲ್ಕೆಗಳ ತವರು ಎಂಬ ವಾದ ದಶಕಗಳ ಕಾಲ ಎಳೆದಾಡಿತು, ಏಕೆಂದರೆ ಕ್ಷುದ್ರಗ್ರಹಗಳು ಆ ಉಲ್ಕೆಗಳಿಗಿಂತ ಕೆಂಪಗೆ ಕಾಣುತ್ತಿದ್ದವು. ಇಟೊಕಾವಾ ಎಂಬ ಎಸ್ ವರ್ಗದ ಕ್ಷುದ್ರಗ್ರಹದಿಂದ ಜಪಾನಿನ ಹಯಾಬುಸಾ ನೌಕೆ 2010ರ ಜೂನ್ 13ರಂದು ತಂದ ಕಣಗಳು ಅದನ್ನು ಮುಗಿಸಿದವು. ಒಳಗೆ ಕಾಂಡ್ರೈಟ್, ಮೇಲೆ ಸೌರಮಾರುತಕ್ಕೆ ಒಡ್ಡಿಕೊಂಡು ಕೆಂಪಾದ ತೆಳುಪದರ. ಬೆನ್ನುವಿನಲ್ಲಿ ಅಚ್ಚರಿ ಬೇರೆ ಬಗೆಯದು. ಶಾಖದ ಅಳತೆಯನ್ನು ನೋಡಿ ಅದರ ಮೇಲ್ಮೈಯಲ್ಲಿ ಸಣ್ಣ ಜಲ್ಲಿ ಇರಬೇಕೆಂದು ನಿರೀಕ್ಷಿಸಿದ್ದರು. ಒಸೈರಿಸ್–ರೆಕ್ಸ್ ನೌಕೆ ಹೋಗಿ ನೋಡಿದರೆ ಎಲ್ಲೆಲ್ಲೂ ಬಂಡೆ. ಬಂಡೆಗಳು ರಂಧ್ರಮಯವಾಗಿದ್ದು, ಶಾಖದ ವಿಷಯದಲ್ಲಿ ಜಲ್ಲಿಯಂತೆಯೇ ವರ್ತಿಸಿದ್ದವು.

ತೂಕ ಗೊತ್ತಾಗಲು ಕಾಯ ಇನ್ನೊಂದನ್ನು ಎಳೆಯಬೇಕು: ಉಪಗ್ರಹವನ್ನೋ, ಪಕ್ಕದಲ್ಲಿ ಹಾದ ಬೇರೊಂದು ಕ್ಷುದ್ರಗ್ರಹವನ್ನೋ, ನೌಕೆಯನ್ನೋ. ಡಿಡಿಮಾಸ್ ಎಂಬ ಕ್ಷುದ್ರಗ್ರಹದ ಸುತ್ತ ಅದರ ಪುಟ್ಟ ಉಪಗ್ರಹ ಡೈಮಾರ್ಫಸ್ 1.19 ಕಿ.ಮೀ. ದೂರದಲ್ಲಿ 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು (2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಗುದ್ದಿ ಆ ಅವಧಿಯನ್ನು ಅರ್ಧ ಗಂಟೆಗಿಂತಲೂ ಹೆಚ್ಚಾಗಿ ತಗ್ಗಿಸಿತು). ಕೆಪ್ಲರನ ಮೂರನೆಯ ನಿಯಮಕ್ಕೆ ಇವೆರಡನ್ನು ಹಾಕಿದರೆ ಜೋಡಿಯ ದ್ರವ್ಯರಾಶಿ 54,000 ಕೋಟಿ ಕೆ.ಜಿ. ಎಂದು ಬರುತ್ತದೆ. ವ್ಯಾಸವೇ ಬೇಕಿಲ್ಲ. ಸಾಂದ್ರತೆಗೆ ಮಾತ್ರ ಬೇಕು, ಅಲ್ಲಿ ವ್ಯಾಸದ ಶೇ. 10ರ ತಪ್ಪು ಶೇ. 30 ಆಗುತ್ತದೆ.

ನೌಕೆ ಹೋಗಿ ಅಳೆದಲ್ಲಿ ಈ ಅನುಮಾನ ಇಲ್ಲ. ಘನ ಸೆಂಟಿಮೀಟರಿಗೆ ವೆಸ್ಟಾ 3.46 ಗ್ರಾಂ, ಏರೋಸ್ 2.67, ಇಟೊಕಾವಾ 1.9, ಮಟಿಲ್ಡೆ 1.3, ಬೆನ್ನು ಮತ್ತು ರ್ಯುಗು ಎರಡೂ 1.19. ಕೊನೆಯ ಎರಡರ ಒಳಗೆ ಅರ್ಧದಷ್ಟು ಟೊಳ್ಳು. 1852ರಲ್ಲಿ ಅನ್ನಿಬಾಲೆ ದೆ ಗಾಸ್ಪಾರಿಸ್ ನೇಪಲ್ಸ್‌ನಲ್ಲಿ ಪತ್ತೆಮಾಡಿದ 16 ಸೈಕಿಯನ್ನು ಬಹುಕಾಲ ಬರಿ ಕಬ್ಬಿಣದ ಗಟ್ಟಿ ಎಂದು ಬರೆಯುತ್ತಿದ್ದರು. ವ್ಯಾಸ, ದ್ರವ್ಯರಾಶಿ ಎರಡೂ ಸುಧಾರಿಸಿದ ಮೇಲೆ ಸಾಂದ್ರತೆ 4ರ ಹತ್ತಿರ ಬಂದು ನಿಂತಿದೆ. ಕಬ್ಬಿಣದ್ದು 7.8. ಈಗ ಲೋಹ ಮತ್ತು ಕಲ್ಲಿನ ಮಿಶ್ರಣ ಎನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಹೊರಟ ನೌಕೆ ಅಲ್ಲಿ ತಲುಪುವುದು 2029ರಲ್ಲಿ.

ನಿಮ್ಮ ಕ್ಷುದ್ರಗ್ರಹಕ್ಕೆ ಬರೋಣ. ಮೊದಲು ಅದಕ್ಕೆ ವೈಸ್, ಅಕಾರಿ ಅಥವಾ ಐರಾಸ್‌ನ ಅಳತೆ ಇದೆಯೇ ನೋಡಿ. 12 ಕಿ.ಮೀ. ಮೀರಿದ ಮುಖ್ಯ ಪಟ್ಟಿಯ ಕಾಯಕ್ಕೆ ಇರುವ ಸಾಧ್ಯತೆ ಹೆಚ್ಚು. ಇದ್ದರೆ ಅದನ್ನು ತೆಗೆದುಕೊಂಡು 12 ಮತ್ತು 22 ಎರಡನ್ನೂ ಬಿಡಿ. ಇಲ್ಲದಿದ್ದರೆ ರೋಹಿತ ಅಥವಾ ಬಣ್ಣದ ದಾಖಲೆ ಹುಡುಕಿ. ಎಸ್ ಎಂದು ಸಿಕ್ಕರೆ 12ರ ಕಡೆ, ಸಿ ಎಂದು ಸಿಕ್ಕರೆ 22ರ ಕಡೆ ವಾಲಿ. ಅದೂ ಇಲ್ಲದಿದ್ದರೆ ಅದು ಯಾವ ಕ್ಷುದ್ರಗ್ರಹ ಕುಟುಂಬಕ್ಕೆ ಸೇರಿದೆ ನೋಡಿ, ಒಂದೇ ದೊಡ್ಡ ಕಾಯ ಒಡೆದು ಹುಟ್ಟಿದ ತುಂಡುಗಳ ಆಲ್ಬಿಡೊ ಸಾಮಾನ್ಯವಾಗಿ ಹತ್ತಿರ ಹತ್ತಿರ ಇರುತ್ತದೆ. ಪಟ್ಟಿಯ ಒಳಭಾಗದಲ್ಲಿ ತಿಳಿಬಣ್ಣದವು, ಹೊರಭಾಗದಲ್ಲಿ ಕಪ್ಪಿನವು ಹೆಚ್ಚು ಎನ್ನುವುದು ಕಟ್ಟಕಡೆಯ, ಅತಿ ದುರ್ಬಲವಾದ ಆಸರೆ. ಇದ್ಯಾವುದೂ ದೊರೆಯದಿದ್ದರೆ ‘12ರಿಂದ 22 ಕಿ.ಮೀ., ಎಚ್ = 12.0ರಿಂದ ಅಂದಾಜು’ ಎಂದು ಬರೆದುಕೊಳ್ಳಿ. ಅವಧಿಯ ಜಾಗದಲ್ಲಿ 8.2 ಹಾಕಿ, ಗುಣಮಟ್ಟದ ಅಂಕಿ 3 ಇಲ್ಲದಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿ.